ನೂರು ಎಕರೆ ತೋಟ, ಆರಡಿ ಸರಪಳಿ

ನಮ್ಮ ಕಾಫಿ ಸೀಮೆಗೆ ಹೊಸ ಒಕ್ಕಲೊಂದು ಬಂದಿದೆ. ನೀಲಿ ಕಣ್ಣು, ನೆಟ್ಟಗೆ ನಿಂತ ಕಿವಿ, ಬೆನ್ನ ಮೇಲೆ ಬಾಗಿದ ಪೊದೆ ಬಾಲ. ನೋಡಿದರೆ ತೋಳವೇ ಎದುರು ನಿಂತ ಹಾಗೆ. ಹೆಸರು ಸೈಬೀರಿಯನ್ ಹಸ್ಕಿ. ಗಿರಿಗೆ ಹೋಗುವ ದಾರಿಯ ಹೋಂಸ್ಟೇಗಳಲ್ಲಿ, ಮೂಡಿಗೆರೆ ಸುತ್ತಿನ ಎಸ್ಟೇಟ್ ಬಂಗಲೆಗಳಲ್ಲಿ, ಕಳಸದ ಕಡೆಯ ರೆಸಾರ್ಟುಗಳಲ್ಲಿ ಈ ಪ್ರಾಣಿ ಕಣ್ಣಿಗೆ ಬೀಳತೊಡಗಿ ಕೆಲವು ವರ್ಷಗಳಾದವು. ಹಳೆಯ ಪರಿಚಯದ ಅಲ್ಸೇಷಿಯನ್ನು ಹೇಗೂ ಇದ್ದೇ ಇದೆ. ಅದನ್ನು ಈಗಿನವರು ಜರ್ಮನ್ ಶೆಫರ್ಡ್ ಅನ್ನುತ್ತಾರೆ. ಹೆಸರು ಬೇರೆ, ನಾಯಿ ಅದೇ.

ತರಲಿ ಸ್ವಾಮಿ, ಬೇಡ ಅನ್ನೋಕೆ ನಾವ್ಯಾರು? ನಾಯಿ ಸಾಕುವುದು ಮಲೆನಾಡಿಗೆ ಹೊಸದೇನಲ್ಲ. ಒಂಟಿ ಮನೆ, ಸುತ್ತ ಕಾಡು, ನೆರೆಮನೆ ಅಂದರೆ ಅರ್ಧ ಮೈಲಿ. ಇಂಥ ಕಡೆ ನಾಯಿ ಇಲ್ಲದ ಮನೆ ಮನೆಯೇ ಅಲ್ಲ. ಆದರೆ ತಂದ ನಾಯಿ ಈಗ ಎಲ್ಲಿದೆ, ಹೇಗಿದೆ, ದಿನಾ ಬೆಳಗಾದರೆ ಅದನ್ನು ಯಾರು ನೋಡಿಕೊಳ್ತಾರೆ ಅಂತ ಕೇಳುವ ಹಕ್ಕು ಊರಿಗೆ ಉಂಟು. ಯಾಕೆಂದರೆ ಅದರ ಪರಿಣಾಮ ತಂದವರ ಗೇಟಿನ ಒಳಗೇ ನಿಲ್ಲುವುದಿಲ್ಲ. ಲೈನು ಮನೆಗೆ ಬರುತ್ತದೆ, ಕೊಟ್ಟಿಗೆಗೆ ಬರುತ್ತದೆ, ಶಾಲೆಗೆ ಹೋಗುವ ಮಕ್ಕಳ ಕಾಲುದಾರಿಗೂ ಬರುತ್ತದೆ.

ಈ ನಾಯಿಗಳು ಬೆಟ್ಟ ಹತ್ತಿ ಬರುವ ಬಗೆ ಬಹುಪಾಲು ಒಂದೇ. ಬೆಂಗಳೂರಿನಲ್ಲಿ ಮಗನೋ ಅಳಿಯನೋ ಎರಡು ತಿಂಗಳ ಮರಿ ಕೊಳ್ಳುತ್ತಾನೆ. ಮರಿ ಉಣ್ಣೆಯ ಉಂಡೆಯಂತಿರುತ್ತದೆ, ಮನೆಯವರೆಲ್ಲ ಎತ್ತಿ ಆಡಿಸುತ್ತಾರೆ. ಆರು ತಿಂಗಳಾಗುವ ಹೊತ್ತಿಗೆ ಅದು ಸೋಫಾ ಹರಿದಿರುತ್ತದೆ, ಬಾಗಿಲು ಕೆರೆದಿರುತ್ತದೆ, ರಾತ್ರಿಯೆಲ್ಲ ಊಳಿಟ್ಟು ಫ್ಲ್ಯಾಟಿನ ಅಕ್ಕಪಕ್ಕದವರಿಂದ ಬೈಸಿರುತ್ತದೆ. ಆಗ ಮನೆಯಲ್ಲಿ ಸಭೆ ಸೇರಿ ಒಂದು ತೀರ್ಮಾನ: 'ಎಸ್ಟೇಟಿಗೆ ಕಳಿಸಿಬಿಡೋಣ. ಅಲ್ಲಿ ಬೇಕಾದಷ್ಟು ಜಾಗ ಇದೆ, ಹವೆ ತಂಪು. ಪಾಪ, ಓಡಾಡ್ಕೊಂಡಿರ್ಲಿ.'

ಈ ಮಾತಿನಲ್ಲಿ ಎರಡು ಸುಳ್ಳು ಕೂತಿವೆ. ಒಂದು ಜಾಗದ್ದು, ಇನ್ನೊಂದು ಹವೆಯದ್ದು.

ಮೊದಲು ಜಾಗದ್ದು. ತೋಟ ಹತ್ತು ಎಕರೆ ಇರಲಿ, ನೂರು ಎಕರೆ ಇರಲಿ, ಎಕರೆ ನಾಯಿಯನ್ನು ಓಡಿಸುವುದಿಲ್ಲ. ನಾಯಿಯನ್ನು ಓಡಿಸುವವನು ಮನುಷ್ಯ. ಜೊತೆಗೆ ಮನುಷ್ಯ ಇಲ್ಲದ ನೂರು ಎಕರೆಯಲ್ಲಿ ಈ ನಾಯಿಗೆ ಎರಡೇ ಬಾಳು. ಬಿಟ್ಟರೆ ಬೇಲಿ ಹಾರಿ ಊರ ಮೇಲೆ ಹೋಗುತ್ತದೆ. ಹೋಗಬಾರದು ಅಂತ ಕಟ್ಟಿದರೆ ಆರಡಿ ಸರಪಳಿಯಲ್ಲೇ ಅದರ ಪ್ರಪಂಚ ಮುಗಿಯುತ್ತದೆ.

ಮೂಡಿಗೆರೆ ತಾಲ್ಲೂಕಿನ ಒಂದು ತೋಟದಲ್ಲಿ ಕಂಡ ಮಾತು. ಹೆಸರು ಬೇಡ, ಇಂಥವು ಒಂದೇ ಇಲ್ಲ. ಕಣದ ಪಕ್ಕದ ಹಲಸಿನ ಮರಕ್ಕೆ ಒಂದು ಹಸ್ಕಿ ಕಟ್ಟಿದ್ದರು. ಮರದ ಸುತ್ತ ಸರಪಳಿ ಎಷ್ಟು ಉದ್ದವೋ ಅಷ್ಟಕ್ಕೆ ಸರಿಯಾಗಿ ನೆಲದಲ್ಲಿ ಒಂದು ಚಕ್ರ ಸವೆದಿತ್ತು. ಹುಲ್ಲು ಹೋಗಿ ಮಣ್ಣು, ಮಣ್ಣು ಹೋಗಿ ಬೇರು ಕಾಣುತ್ತಿತ್ತು. ನಾಯಿ ಆ ಚಕ್ರದ ಮೇಲೇ ಸುತ್ತುತ್ತಿತ್ತು, ಗಾಣದ ಎತ್ತಿನ ಹಾಗೆ. ನಾವು ನಿಂತಷ್ಟು ಹೊತ್ತೂ ಅದು ನಿಲ್ಲಲಿಲ್ಲ. ರೈಟರ್‌ನ ಕೇಳಿದರೆ ಅವರು ಹೇಳಿದ್ದಿಷ್ಟು: 'ಸಾವ್ಕಾರ್ರು ತಿಂಗಳಿಗೊಂದ್ಸಲ ಬರ್ತಾರೆ ಸಾರ್. ಬಿಚ್ಚಿಸಿ ಫೋಟೋ ತೆಗಿಸ್ಕೊಂಡು ಹೋಗ್ತಾರೆ. ಮಿಕ್ಕ ಇಪ್ಪತ್ತೊಂಬತ್ತು ದಿನ ನಂದೇ ಕರ್ಮ. ಬಿಟ್ರೆ ಲೈನಿನ ಕೋಳಿ ಮುಗಿಸುತ್ತೆ, ಕಟ್ಟಿದ್ರೆ ರಾತ್ರಿಯೆಲ್ಲ ಗೋಳು. ಹೊಡೆಯೋಕೆ ಮನಸ್ಸು ಬರಲ್ಲ, ಓಡಿಸೋಕೆ ಟೈಮಿಲ್ಲ.'

ಬೆಳಿಗ್ಗೆ ಏಳಕ್ಕೆ ಹಾಜರಿ, ಎಂಟಕ್ಕೆ ಕೆಲಸ ಹಂಚಿಕೆ, ಸಂಜೆ ತೂಕ, ರಾತ್ರಿ ಪುಸ್ತಕ. ಇದರ ಮಧ್ಯೆ ಸೈಬೀರಿಯಾದ ನಾಯಿಯನ್ನು ಎರಡು ಗಂಟೆ ಓಡಿಸುವುದು ಯಾವ ಹೊತ್ತಿನಲ್ಲಿ? ಅದಕ್ಕೆ ಸಂಬಳ ಯಾವ ಖಾತೆಯಲ್ಲಿ? ನಾಯಿ ತಂದವರು ಈ ಲೆಕ್ಕ ಹಾಕಿರುವುದಿಲ್ಲ.

ಈ ನಾಯಿಯ ಮೈಕಟ್ಟು ಎಂಥದು ಅಂತ ಗೊತ್ತಾದರೆ ಆ ಹಲಸಿನ ಮರದ ಚಕ್ರದ ಅರ್ಥ ತಿಳಿಯುತ್ತದೆ. ಸೈಬೀರಿಯಾದ ಈಶಾನ್ಯ ಮೂಲೆಯ ಚುಕ್ಚಿ ಜನ ತಲೆತಲಾಂತರದಿಂದ ಈ ತಳಿಯನ್ನು ಬೆಳೆಸಿದ್ದು ಒಂದೇ ಕೆಲಸಕ್ಕೆ. ಹಗುರವಾದ ಗಾಡಿಯನ್ನು ಹಿಮದ ಮೇಲೆ ದಿನಗಟ್ಟಲೆ ಎಳೆಯಬೇಕು, ಕಡಿಮೆ ತಿಂದು ಹೆಚ್ಚು ದೂರ ಹೋಗಬೇಕು. 1925ರ ಜನವರಿಯಲ್ಲಿ ಅಲಾಸ್ಕದ ನೋಮ್ ಎಂಬ ಊರಿಗೆ ಗಂಟಲಮಾರಿ ಬಂತು. ಮಕ್ಕಳು ಸಾಯತೊಡಗಿದರು. ವಿಮಾನ ಹಾರುವಂತಿರಲಿಲ್ಲ, ಹಡಗು ಬರುವಂತಿರಲಿಲ್ಲ. ಸುಮಾರು 20 ಮಂದಿ ಗಾಡಿಯವರು, ಸುಮಾರು 150 ನಾಯಿಗಳು, ಒಬ್ಬರಿಂದ ಒಬ್ಬರಿಗೆ ದಾಟಿಸುತ್ತ, 1,085 ಕಿಲೋಮೀಟರ್ ದಾರಿಯನ್ನು ಐದೂವರೆ ದಿನದಲ್ಲಿ ಓಡಿ ಔಷಧಿ ತಲುಪಿಸಿದವು. ಅದರಲ್ಲಿ ಟೋಗೊ, ಬಾಲ್ಟೊ ಎಂಬ ಎರಡು ನಾಯಿಗಳು ಲೋಕಪ್ರಸಿದ್ಧವಾದವು. ಬಾಲ್ಟೊನ ಪ್ರತಿಮೆ ಈಗಲೂ ನ್ಯೂಯಾರ್ಕಿನ ಉದ್ಯಾನದಲ್ಲಿ ನಿಂತಿದೆ. ಅಂಥ ಕೆಲಸದ ನಾಯಿಗಳ ವಂಶದ್ದನ್ನು ತಂದು ಹಲಸಿನ ಮರಕ್ಕೆ ಕಟ್ಟಿ, 'ಯಾಕೋ ಸುಮ್ನಿರಲ್ಲ ಕಣ್ರೀ' ಅಂದರೆ ಏನು ಹೇಳೋಣ?

ಅಲ್ಸೇಷಿಯನ್ನಿನ ಕತೆಯೂ ಅಂಥದೇ. 1899ರಲ್ಲಿ ಜರ್ಮನಿಯ ಸೈನ್ಯಾಧಿಕಾರಿ ಫಾನ್ ಸ್ಟೆಫಾನಿಟ್ಸ್ ಕುರಿ ಕಾಯುವ ನಾಯಿಗಳಿಂದ ಈ ತಳಿಯನ್ನು ನಿಲ್ಲಿಸಿದರು. ಇಡೀ ದಿನ ಕುರಿಮಂದೆಯ ಸುತ್ತ ಓಡಾಡುತ್ತ, ಒಡೆಯನ ಸನ್ನೆಗೆ ಕಿವಿ ಕೊಟ್ಟಿರಬೇಕಾದ ನಾಯಿ ಅದು. ಮೊದಲ ಮಹಾಯುದ್ಧದ ನಂತರ ಜರ್ಮನ್ ಅನ್ನುವ ಪದ ಇಂಗ್ಲಿಷರಿಗೆ ಆಗದೆ ಅಲ್ಸೇಷಿಯನ್ ಅಂತ ಕರೆದರು. ನಮ್ಮ ಹಿರಿಯರಿಗೆ ಬಂದದ್ದು ಆ ಹೆಸರು. ಕೆಲಸ ಕೊಟ್ಟರೆ ಅದು ಏನು ಮಾಡಬಲ್ಲದು ಅಂತ ನೋಡಬೇಕಾದರೆ ದೂರ ಹೋಗಬೇಕಾಗಿಲ್ಲ. ಬಂಡೀಪುರದಲ್ಲಿ ಅರಣ್ಯ ಇಲಾಖೆಯ 'ರಾಣಾ' ಎಂಬ ಜರ್ಮನ್ ಶೆಫರ್ಡ್ ಕಳ್ಳಬೇಟೆಯವರ ಜಾಡು ಹಿಡಿದು ರಾಜ್ಯಕ್ಕೆಲ್ಲ ಹೆಸರಾಗಿತ್ತು. ಅದೇ ಜಾತಿಯ ನಾಯಿ ಎಸ್ಟೇಟ್ ಗೇಟಿನಲ್ಲಿ ಕೂತು ಬೇಸರದಿಂದ ತನ್ನ ಬಾಲವನ್ನು ತಾನೇ ಕಚ್ಚಿಕೊಂಡು ಹುಣ್ಣು ಮಾಡಿಕೊಳ್ಳುತ್ತದೆ.

ನಮ್ಮ ಹಳೆಯ ಕಂತ್ರಿ ನಾಯಿಗಳನ್ನು ಒಂದು ಸಲ ನೆನಪು ಮಾಡಿಕೊಳ್ಳಿ. ಕಾಳ, ಟೈಗರ್, ಬೊಗ್ಗ. ಮಲಗಲು ಒಲೆ ಬೂದಿಯ ಗುಂಡಿ, ಊಟಕ್ಕೆ ಮಿಕ್ಕ ಮುದ್ದೆ. ರಾಜಭೋಗವೇನೂ ಇರಲಿಲ್ಲ, ಪೆಟ್ಟೂ ಬೀಳುತ್ತಿತ್ತು. ಆದರೆ ಬೆಳಗಿನಿಂದ ಸಂಜೆತನಕ ಯಾರದಾದರೂ ಹಿಂದೆ ಅವಕ್ಕೆ ನಡಿಗೆ ಇರುತ್ತಿತ್ತು. ದನ ಹೊಡೆದುಕೊಂಡು ಹೋಗುವವನ ಹಿಂದೆ, ಗದ್ದೆಗೆ ಬುತ್ತಿ ತರುವವಳ ಹಿಂದೆ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದಿದವರಿಗೆ ಗುತ್ತಿಯ ಹಿಂದೆ ನಡೆಯುವ ಹುಲಿಯನ ನೆನಪಿರುತ್ತದೆ. ಮೂಡಿಗೆರೆಯ ತೇಜಸ್ವಿಯವರನ್ನು ಓದಿದವರಿಗೆ ಅವರ 'ಕಿವಿ' ಗೊತ್ತು. ಆ ನಾಯಿಗಳಿಗೆ ಒಡೆಯನ ದಾರಿಯೇ ಕಸರತ್ತು. ಈಗಿನ ಒಡೆಯ ಜೀಪಿನಲ್ಲಿ ಬಂದು ಜೀಪಿನಲ್ಲಿ ಹೋಗುತ್ತಾನೆ. ಅವನ ಹಿಂದೆ ನಡೆಯುವುದಕ್ಕೆ ದಾರಿ ಎಲ್ಲಿದೆ?

ಎರಡನೇ ಸುಳ್ಳು ಹವೆಯದ್ದು. 'ಚಳಿ ದೇಶದ ನಾಯಿ, ಮಲೆನಾಡಿನ ತಂಪು ಹೊಂದುತ್ತೆ' ಅಂತ ಬಹಳ ಜನ ಹೇಳುತ್ತಾರೆ. ಸೈಬೀರಿಯಾದ ಚಳಿ ಒಣ ಚಳಿ. ಅಲ್ಲಿ ಬೀಳುವುದು ಹಿಮ, ಕೊಡವಿದರೆ ಉದುರಿಹೋಗುತ್ತದೆ. ನಮ್ಮದು ನೀರು. ಜೂನಿನಲ್ಲಿ ಹಿಡಿದ ಮಳೆ ಕೊಟ್ಟಿಗೆಹಾರ, ಕಳಸ, ಕುದುರೆಮುಖದ ಕಡೆ ವಾರಗಟ್ಟಲೆ ಬಿಡುವುದಿಲ್ಲ; ಹಾಸಿಗೆ ಬಟ್ಟೆಯೇ ಒಣಗುವುದಿಲ್ಲ. ಈ ನಾಯಿಗೆ ಎರಡು ಪದರ ಕೂದಲು. ಮೇಲಿನದು ಉದ್ದ ಮತ್ತು ಒರಟು, ಒಳಗಿನದು ಹತ್ತಿಯಂಥ ಮೆತ್ತನೆಯದು. ಒಳಪದರ ಒಮ್ಮೆ ನೆನೆದು ಹಾಗೇ ಉಳಿಯಿತೋ, ಚರ್ಮಕ್ಕೆ ಬೂಷ್ಟು, ಕಜ್ಜಿ, ವಾಸನೆ, ಕೊನೆಗೆ ಹುಣ್ಣು. ಮೇಲೆ ನೋಡಿದರೆ ನಾಯಿ ಚೆನ್ನಾಗೇ ಕಾಣುತ್ತದೆ. ಕೂದಲು ಬಿಡಿಸಿ ನೋಡಿದವನಿಗೇ ಗೊತ್ತು.

ಬೇಸಿಗೆಯಲ್ಲಿ ಇನ್ನೊಂದು ಪಾಡು. ಮಾರ್ಚ್, ಏಪ್ರಿಲ್‌ನಲ್ಲಿ ಮೊದಲ ಮಳೆ ಬೀಳುವ ಮುಂಚಿನ ಆ ಧಗೆ ನಮಗೇ ತಡೆಯುವುದಿಲ್ಲ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಅದು ಮೈ ತಣಿಸಿಕೊಳ್ಳಬೇಕು. ಗಾಳಿಯಲ್ಲಿ ತೇವ ಹೆಚ್ಚಾದಷ್ಟೂ ಆ ಉಪಾಯ ಕೆಲಸ ಮಾಡುವುದಿಲ್ಲ. ಮಧ್ಯಾಹ್ನ ಕಣದ ಸಿಮೆಂಟಿನ ಪಕ್ಕ ಕಟ್ಟಿಹಾಕಿದ ಹಸ್ಕಿ ಬಿಸಿಲು ಬಡಿದು ಸಾಯಬಹುದು. ಕೆಲವರು ಕರುಣೆಯಿಂದ ಕ್ಷೌರದವನನ್ನು ಕರೆಸಿ ಬುಡಮಟ್ಟ ಬೋಳಿಸಿಬಿಡುತ್ತಾರೆ. ಅದೂ ತಪ್ಪು. ಬಿಸಿಲನ್ನು ಚರ್ಮಕ್ಕೆ ತಟ್ಟದಂತೆ ತಡೆಯುವುದೂ ಆ ಕೂದಲೇ. ಬೋಳಿಸುವುದಲ್ಲ, ಬಾಚಬೇಕು. ಬಾಚಲು ಮತ್ತೆ ಮನುಷ್ಯ ಬೇಕು.

ಅಂದ ಹಾಗೆ, ಕರ್ನಾಟಕದ ನಿಜವಾದ ತೋಳವೂ ಮಲೆನಾಡಿನ ಮಳೆಕಾಡನ್ನು ಆರಿಸಿಕೊಂಡದ್ದಲ್ಲ. ಅದರದು ಬಯಲುಸೀಮೆಯ ಕುರುಚಲು, ಹುಲ್ಲುಗಾವಲು. ಮೇಲುಕೋಟೆಯ ವನ್ಯಧಾಮವನ್ನು 1974ರಲ್ಲಿ ಘೋಷಿಸುವಾಗ ತೋಳವೇ ಅಲ್ಲಿ ಮುಖ್ಯ. ತೋಳವೇ ಒಲ್ಲೆ ಅಂದ ಜಾಗಕ್ಕೆ ತೋಳದ ಮುಖದ ನಾಯಿಯನ್ನು ನಾವು ತಂದು ಕೂರಿಸಿದ್ದೇವೆ.

ಇನ್ನು ಊರಿಗೆ ಆಗುವ ತೊಂದರೆ. ಕಾವಲಿಗೆ ಅಂತ ಹಸ್ಕಿ ತರುವವರಿಗೆ ಮೊದಲೇ ಹೇಳಿಬಿಡುತ್ತೇವೆ: ಅದು ಕಾವಲಿನ ನಾಯಿಯೇ ಅಲ್ಲ. ಬೊಗಳುವುದು ಅಪರೂಪ, ಊಳಿಡುವುದೇ ಹೆಚ್ಚು. ಹೊಸಬರು ಬಂದರೆ ಬಾಲ ಅಲ್ಲಾಡಿಸುತ್ತದೆ. ಕಾಳುಮೆಣಸಿನ ಕಳ್ಳ ಬಂದರೂ ಚೀಲ ತೋರಿಸಿಕೊಟ್ಟೀತು. ಆದರೆ ಕೋಳಿ, ಬೆಕ್ಕು, ಮೊಲ, ಕರು ಓಡುವುದನ್ನು ಕಂಡರೆ ಅದರ ಮೈಯಲ್ಲಿ ಹಳೆಯ ರಕ್ತ ಎದ್ದು ನಿಲ್ಲುತ್ತದೆ. ಲೈನಿನ ಹೆಂಗಸರು ನಾಲ್ಕು ನಾಟಿಕೋಳಿ ಸಾಕಿಕೊಂಡಿರುತ್ತಾರೆ. ಹಬ್ಬಕ್ಕೋ, ಬಾಣಂತನಕ್ಕೋ, ಕೈಗಾಸಿಗೋ. ಅದನ್ನು ಸಾವ್ಕಾರರ ನಾಯಿ ಹಿಡಿದರೆ ಬೆಲೆ ಕೇಳುವ ಧೈರ್ಯ ಯಾರಿಗುಂಟು? ದೂರದ ಊರಿಂದ ಕುಯ್ಲಿಗೆ ಬಂದ ಕೂಲಿಯವರಿಗಂತೂ ಬಾಯಿ ಮೊದಲೇ ಇಲ್ಲ.

ಅಲ್ಸೇಷಿಯನ್ನಿನ ವಿಷಯ ಬೇರೆ. ಅದು ಕಾಯುತ್ತದೆ, ನಿಜ. ಆದರೆ ಹಗಲಿರುಳು ಕಟ್ಟಿದ ಅಲ್ಸೇಷಿಯನ್ನಿಗೆ ಕಾಯುವುದಕ್ಕೂ ಕಚ್ಚುವುದಕ್ಕೂ ವ್ಯತ್ಯಾಸ ಮರೆತುಹೋಗುತ್ತದೆ. ಸರಪಳಿಯ ತುದಿಯಲ್ಲಿ ನಿಂತು ಹೋಗಿಬರುವವರನ್ನೆಲ್ಲ ನೋಡಿ ನೋಡಿ ಅದಕ್ಕೆ ಎಲ್ಲರೂ ಶತ್ರುಗಳೇ. ಒಂದು ದಿನ ಕೊಂಡಿ ಸವೆದು ಕಿತ್ತು ಬಂದಾಗ ಸಿಕ್ಕುವವರು ಯಾರು? ಅಂಚೆಯವನು, ಕರೆಂಟು ಬಿಲ್ಲಿನವನು, ಶಾಲೆ ಬಿಟ್ಟು ಬರುವ ಲೈನಿನ ಮಗು. ಅದಕ್ಕೆ ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿದ್ದಾರೋ ಇಲ್ಲವೋ ರೈಟರ್‌ಗೆ ಗೊತ್ತಿಲ್ಲ, ಸಾವ್ಕಾರರ ಫೋನು ಸಿಗುವುದಿಲ್ಲ. ಕಚ್ಚಿಸಿಕೊಂಡವರು ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಆದರೆ ಕೊನೆ ಬಸ್ಸು ಹೋದ ಮೇಲೆ ಆ ಲೈನಿನಿಂದ ಆಸ್ಪತ್ರೆಗೆ ಹೋಗುವುದು ಹೇಗೆ?

ಕಾಡಿನ ಪ್ರಾಣಿಗಳ ಲೆಕ್ಕವನ್ನೂ ಬಿಡುವಂತಿಲ್ಲ. ಮೂಡಿಗೆರೆ ಭಾಗದಲ್ಲಿ ಆನೆ ಎಷ್ಟು ಹತ್ತಿರ ಬಂದಿದೆ ಅಂತ ಓದುಗರಿಗೆ ಹೇಳಬೇಕಾಗಿಲ್ಲ. ತೋಟದಲ್ಲಿ ಬಿಡುಬೀಸಾಗಿ ಓಡಾಡುವ ನಾಯಿ ಆನೆ ಕಂಡರೆ ಸುಮ್ಮನಿರುವುದಿಲ್ಲ, ಹೋಗಿ ಕೆಣಕುತ್ತದೆ. ಆನೆ ತಿರುಗಿ ಬಿದ್ದಾಗ ಬಾಲ ಮುದುರಿಕೊಂಡು ನೇರ ಮನುಷ್ಯರ ಹತ್ತಿರಕ್ಕೇ ಓಡಿಬರುತ್ತದೆ, ಹಿಂದೆಯೇ ಆನೆ. ಅಲ್ಲಿ ಕಾಫಿ ಗಿಡದ ಮಧ್ಯೆ ಬಗ್ಗಿ ಕೆಲಸ ಮಾಡುತ್ತಿರುವವರ ಗತಿ ಏನು?

ಚಿರತೆಯ ಕತೆ ಮಲೆನಾಡಿನವರಿಗೆ ಗೊತ್ತಿದ್ದದ್ದೇ. ಕಟ್ಟಿದ ನಾಯಿ ಅಂದರೆ ಚಿರತೆಗೆ ಬಡಿಸಿಟ್ಟ ಎಲೆ. ಮಹಾರಾಷ್ಟ್ರದ ಅಕೋಲೆ ಎಂಬಲ್ಲಿ ಚಿರತೆಯ ಲದ್ದಿ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲ್ಲಿನ ಚಿರತೆಗಳು ತಿಂದದ್ದರಲ್ಲಿ ತೂಕದ ಲೆಕ್ಕದಲ್ಲಿ ಶೇ. 39ರಷ್ಟು ನಾಯಿಯೇ. ನಮ್ಮ ಹಿರಿಯರು ನಾಯಿಯ ಕುತ್ತಿಗೆಗೆ ಮುಳ್ಳಿನ ಪಟ್ಟಿ ಹಾಕುತ್ತಿದ್ದದ್ದು ಶೋಕಿಗಲ್ಲ. ಕಟ್ಟದ ನಾಯಿ ಓಡಿಯಾದರೂ ಬದುಕೀತು. ಸರಪಳಿಯ ನಾಯಿಗೆ ಆ ದಾರಿಯೂ ಇಲ್ಲ. ಒಂದು ಸಲ ರುಚಿ ಕಂಡ ಚಿರತೆ ಮತ್ತೆ ಅದೇ ಅಂಗಳಕ್ಕೆ ಬರುತ್ತದೆ. ಆ ಅಂಗಳದ ಆಚೆಗೇ ಲೈನು ಮನೆ.

ಕಾಡು ಸುತ್ತಿ ಬಂದ ನಾಯಿ ಮೈಯಲ್ಲಿ ಉಣುಗು ಹೊತ್ತು ತರುತ್ತದೆ. ದಟ್ಟ ಕೂದಲಿನ ಒಳಗೆ ಕೂತ ಉಣುಗು ಕಣ್ಣಿಗೆ ಕಾಣುವುದಿಲ್ಲ. ಮಂಗನ ಕಾಯಿಲೆ 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಮೊದಲು ಗೊತ್ತಾದದ್ದು. ನಮ್ಮ ಜಿಲ್ಲೆಯಲ್ಲೂ 2024ರಲ್ಲಿ ಅದು ಕಾಣಿಸಿಕೊಂಡಿತು. ಉಣುಗನ್ನು ಕಾಡಿನಿಂದ ಜಗುಲಿಗೆ ತರುವ ವಾಹನಗಳಲ್ಲಿ ನಾಯಿಯೂ ಒಂದು. ಬೇಸಿಗೆಯಲ್ಲಿ ಕಾಡಿನಿಂದ ಬಂದ ನಾಯಿಯ ಮೈ ತಡವಿ ನೋಡದೆ ಒಳಗೆ ಬಿಟ್ಟುಕೊಳ್ಳುವುದು ಸಾಹಸವೇ ಸರಿ.

ಹೋಂಸ್ಟೇಗಳಿಗೆ ಬರೋಣ. ಇಲ್ಲಿ ನಾಯಿ ಈಗ ಬೋರ್ಡಿಗೆ ಸಮ. ಶನಿವಾರ ಭಾನುವಾರ ಪ್ರವಾಸಿಗರ ಮಕ್ಕಳಿಗೆ ಫೋಟೋಕ್ಕೆ ನಿಲ್ಲುವುದೇ ಅದರ ಕೆಲಸ. ಬಂದವರೆಲ್ಲ ತಬ್ಬುತ್ತಾರೆ, ಬಿಸ್ಕತ್ತು, ಚಿಪ್ಸು, ಬಿರಿಯಾನಿ ಮೂಳೆ ಎಲ್ಲ ತಿನ್ನಿಸುತ್ತಾರೆ. ಸೋಮವಾರ ಬೆಳಿಗ್ಗೆ ಗಾಡಿಗಳೆಲ್ಲ ಘಾಟಿ ಇಳಿದ ಮೇಲೆ ಅದಕ್ಕೆ ಬೇಧಿ, ಒಂಟಿತನ, ಹಿತ್ತಿಲ ಶೆಡ್ಡು. ಮಳೆಗಾಲದಲ್ಲಿ ಪ್ರವಾಸಿಗರು ಕಡಿಮೆಯಾದರೆ ಶೆಡ್ಡಿನ ಬಾಗಿಲು ತೆಗೆಯುವುದೂ ಕಡಿಮೆ. ಎಲ್ಲ ಹೋಂಸ್ಟೇಯೂ ಹೀಗೆ ಅಂತ ನಾವು ಹೇಳುತ್ತಿಲ್ಲ. ಮನೆಯವರೇ ನಿಂತು ನಡೆಸುವ ಕಡೆ ನಾಯಿ ಮನೆಯವರ ಜೊತೆಗೇ ಸುಖವಾಗಿದೆ. ಬೆಂಗಳೂರಿನಿಂದ ಫೋನಿನಲ್ಲಿ ನಡೆಸುವ ಜಾಗಗಳ ಮಾತು ಇದು.

ಕಾನೂನು ಇಲ್ಲವೇ ಅಂತ ಕೇಳಬಹುದು. ಇದೆ ಸ್ವಾಮಿ, ಬಹಳ ಹಳೆಯದೇ ಇದೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೇ ಕಲಮಿನಲ್ಲಿ ಸ್ಪಷ್ಟವಾಗಿ ಬರೆದಿದೆ: ಸದಾ ಸರಪಳಿಯಲ್ಲಿ ಕಟ್ಟಿದ ಅಥವಾ ಇಕ್ಕಟ್ಟಿನಲ್ಲಿ ಕೂಡಿದ ನಾಯಿಗೆ ಅದರ ಒಡೆಯ ತಕ್ಕಷ್ಟು ವ್ಯಾಯಾಮ ಕೊಡದೆ ಉದಾಸೀನ ಮಾಡಿದರೆ ಅದು ಅಪರಾಧ. ನಾಯಿಯ ವ್ಯಾಯಾಮದ ಬಗ್ಗೆ ಅರವತ್ತು ವರ್ಷಗಳ ಹಿಂದೆಯೇ ಸಂಸತ್ತು ಯೋಚಿಸಿತ್ತು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಈಗ ದಂಡ ಕೇಳಿ. ಮೊದಲ ಸಲ ತಪ್ಪಿಗೆ ಹತ್ತು ರೂಪಾಯಿಗೆ ಕಡಿಮೆ ಇಲ್ಲದಂತೆ, ಐವತ್ತು ರೂಪಾಯಿ ಮೀರದಂತೆ! ಆ ನಾಯಿಗೆ ಹಾಕಿದ ಸರಪಳಿಯೇ ಅದಕ್ಕಿಂತ ದುಬಾರಿ.

ಅದೇ ನಾಯಿ ಕಿತ್ತುಕೊಂಡು ಯಾರನ್ನೋ ಕಚ್ಚಲಿ, ಆಗ ಬೇರೆ ಕಾನೂನು. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಂತೆ, ತನ್ನ ವಶದ ಪ್ರಾಣಿಯಿಂದ ಜನಕ್ಕೆ ಅಪಾಯವಾಗದಂತೆ ನೋಡಿಕೊಳ್ಳದವನಿಗೆ ಆರು ತಿಂಗಳವರೆಗೆ ಸಜೆ, ಐದು ಸಾವಿರದವರೆಗೆ ದಂಡ, ಅಥವಾ ಎರಡೂ. ನಾಯಿಯನ್ನು ಕಟ್ಟಿ ಕಟ್ಟಿ ಕೆರಳಿಸುವುದಕ್ಕೆ ಐವತ್ತು ರೂಪಾಯಿ. ಕೆರಳಿದ ಮೇಲೆ ಆರು ತಿಂಗಳು. ಇನ್ನು 'ವಶದಲ್ಲಿದ್ದ' ಅನ್ನುವ ಮಾತಿಗೆ ಸಿಕ್ಕಿಬೀಳುವವನು ಸಾವ್ಕಾರನೋ ರೈಟರೋ ಅನ್ನುವುದು ವಕೀಲರಿಗೆ ಒಳ್ಳೆಯ ಕೆಲಸ.

2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 23 ತಳಿಯ ನಾಯಿಗಳು ಅಪಾಯಕಾರಿ, ಮಾರಬಾರದು, ಸಾಕಲು ಪರವಾನಗಿ ಕೊಡಬಾರದು ಅಂತ ಸುತ್ತೋಲೆ ಹೊರಡಿಸಿತು. ಪಿಟ್‌ಬುಲ್, ರಾಟ್‌ವೈಲರ್ ಜೊತೆಗೆ ತೋಳನಾಯಿಯೂ ಆ ಪಟ್ಟಿಯಲ್ಲಿತ್ತು. ಹಸ್ಕಿ ಇರಲಿಲ್ಲ. ಏಪ್ರಿಲ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟು, ಸಂಬಂಧಪಟ್ಟವರನ್ನು ಕೇಳದೆ ಮಾಡಿದ್ದು ಅಂತ ಆ ಸುತ್ತೋಲೆಯನ್ನು ರದ್ದು ಮಾಡಿತು. ನಮ್ಮ ಅಭಿಪ್ರಾಯದಲ್ಲಿ ರದ್ದಾದದ್ದೇ ಸರಿ. ತಳಿಯ ಹೆಸರು ಬರೆದು ನಿಷೇಧಿಸಿದರೆ ಹಲಸಿನ ಮರದ ಸರಪಳಿ ಬಿಚ್ಚುವುದಿಲ್ಲ. ಹಸ್ಕಿ ಹೋಗಿ ಇನ್ನೊಂದು ಬರುತ್ತದೆ, ಅಷ್ಟೆ.

ತೋಳದ ಮುಖಕ್ಕೆ ನಮ್ಮವರು ಎಷ್ಟು ಮರುಳಾಗಿದ್ದಾರೆ ಅನ್ನುವುದಕ್ಕೆ 2025ರ ಬೆಂಗಳೂರಿನ ಪ್ರಕರಣ ನೋಡಿ. ಒಬ್ಬರು 50 ಕೋಟಿ ರೂಪಾಯಿ ಕೊಟ್ಟು ತೋಳಕ್ಕೂ ನಾಯಿಗೂ ಹುಟ್ಟಿದ ಅಪರೂಪದ ಪ್ರಾಣಿ ತಂದಿದ್ದೇನೆ ಅಂದರು. ಪತ್ರಿಕೆಗಳು ಬರೆದವು, ಜನ ಮುಗಿಬಿದ್ದು ನೋಡಿದರು. ಕೊನೆಗೆ ಜಾರಿ ನಿರ್ದೇಶನಾಲಯದವರು ಇಷ್ಟೊಂದು ಹಣ ಎಲ್ಲಿಂದ ಬಂತಪ್ಪ ಅಂತ ಮನೆಗೆ ಹೋಗಿ ನೋಡಿದರೆ ಕೋಟಿಯೂ ಇಲ್ಲ, ತೋಳವೂ ಇಲ್ಲ, ಬರೀ ಮಾತು! ನಾವು ನಕ್ಕೆವು. ಆದರೆ ಆ ಸುಳ್ಳಿಗೆ ಬೆಲೆ ಬಂದದ್ದು ನಮ್ಮ ಆಸೆಯಿಂದಲೇ ತಾನೆ?

ಮಾರುವವರಿಗೂ ನಿಯಮ ಇದೆ. 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ಮರಿ ಹಾಕಿಸಿ ಮಾರುವವನು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮರಿ ಕೊಳ್ಳುವವರು ಕಣ್ಣಿನ ಬಣ್ಣ ಕೇಳುತ್ತಾರೆ, ನೋಂದಣಿ ಕಾಗದ ಕೇಳುವುದಿಲ್ಲ. ಒಂದೇ ತಾಯಿಯಿಂದ ಮೇಲಿಂದ ಮೇಲೆ ಮರಿ ಹಾಕಿಸಿ, ರಕ್ತಸಂಬಂಧದಲ್ಲೇ ಕೂಡಿಸಿ ಮಾರುವ ದಂಧೆ ಏನು ಅಂತ 2022ರಲ್ಲಿ '777 ಚಾರ್ಲಿ' ಚಿತ್ರ ಊರೂರಿಗೆ ತೋರಿಸಿತು. ಟಾಕೀಸಿನಲ್ಲಿ ಕಣ್ಣೀರು ಹಾಕಿ ಆಚೆ ಬಂದ ಮೇಲೂ ಜನ ಅದೇ ಅಂಗಡಿಗೆ ಮರಿ ಕೇಳಲು ಹೋದರೆ ಏನು ಮಾಡುವುದು?

ಹಾಗಂತ ಮಲೆನಾಡಿನಲ್ಲಿ ಈ ನಾಯಿಗಳು ಬಾಳುವುದೇ ಸಾಧ್ಯವಿಲ್ಲ ಅಂತಲ್ಲ. ಕಳಸದ ಕಡೆ ಒಬ್ಬ ಸಣ್ಣ ಬೆಳೆಗಾರರಿದ್ದಾರೆ, ಐದಾರು ಎಕರೆಯವರು. ಅವರ ಅಲ್ಸೇಷಿಯನ್ನಿಗೆ ಬೆಳಗಾಗುವ ಮೊದಲೇ ಡ್ಯೂಟಿ. ಗುಡ್ಡದ ಮೇಲಿನ ಅಬ್ಬಿಯಿಂದ ಮನೆಗೆ ನೀರಿನ ಪೈಪು ಬಂದಿದೆ. ಕಾಡುಹಂದಿ ಕಿತ್ತಿದೆಯೋ, ಎಲೆ ಕಟ್ಟಿದೆಯೋ ಅಂತ ದಿನಾ ಹತ್ತಿ ನೋಡಬೇಕು. ಯಜಮಾನರು ಕತ್ತಿ ಹಿಡಿದು ಮುಂದೆ, ನಾಯಿ ಹಗ್ಗದಲ್ಲಿ ಪಕ್ಕಕ್ಕೆ. ಹೋಗಿಬರುವುದಕ್ಕೆ ಒಂದೂವರೆ ಗಂಟೆ. ಸಂಜೆ ದನ ಒಳಗೆ ಹೊಡೆಯುವಾಗ ಇನ್ನೊಂದು ಸುತ್ತು. ರಾತ್ರಿ ನಾಯಿ ಕಟ್ಟಿಗೆಯ ಕೋಣೆಯೊಳಗೆ, ಬಾಗಿಲು ಭದ್ರ. ಮಳೆಗಾಲದಲ್ಲಿ ಹಿತ್ತಲ ಒಲೆಯ ಬದಿ ಗೋಣಿ ಹಾಸಿ ಮೈ ಒರೆಸಿ ಕೂರಿಸುತ್ತಾರೆ, ಇಂಬಳ ಹತ್ತಿದ್ದರೆ ಉಪ್ಪು ಹಾಕಿ ಬಿಡಿಸುತ್ತಾರೆ. ಆ ನಾಯಿ ನಮ್ಮನ್ನು ನೋಡಿ ಎರಡು ಸಲ ಬೊಗಳಿತು. 'ಸಾಕು ಬಾರೋ' ಅಂದದ್ದಕ್ಕೆ ಬಂದು ಕಾಲ ಬಳಿ ಮಲಗಿತು. ಅವರ ಹತ್ತಿರ ನೂರು ಎಕರೆ ಇಲ್ಲ. ದಿನಾ ನಡೆಯುವ ಕಾಲು ಇದೆ.

ಆದ್ದರಿಂದ ಮರಿ ತರುವ ಯೋಚನೆಯಲ್ಲಿ ಇರುವವರು ಜಾಗ ಎಷ್ಟಿದೆ ಅಂತ ಅಳೆಯುವುದು ಬಿಟ್ಟು, ದಿನಾ ಎರಡು ಗಂಟೆ ಅದರ ಜೊತೆ ನಡೆಯುವವರು ಮನೆಯಲ್ಲಿ ಯಾರು ಅಂತ ಮೊದಲು ಹೆಸರು ಹೇಳಲಿ. ಹೆಸರಿಲ್ಲದಿದ್ದರೆ ನಾಯಿ ಬೇಡ. ಕೆಲಸದವರ ಹೆಸರು ಹೇಳುವುದಾದರೆ ಆ ಎರಡು ಗಂಟೆಯನ್ನು ಚೆಕ್‌ರೋಲಿನಲ್ಲಿ ಬರೆದು ಕೂಲಿ ಕೊಡಲಿ. ಗೊಬ್ಬರ ಹಾಕುವುದು, ಮರಗಸಿ ಮಾಡುವುದು ಹೇಗೆ ಕೆಲಸವೋ ಇದೂ ಹಾಗೇ ಕೆಲಸ. ನಾಯಿಯ ಆಹಾರದ ಬಿಲ್ಲು ಪಾಸು ಮಾಡುವ ಧಣಿಗಳಿಗೆ ಇದೇನು ಭಾರವಾಗದು.

ಈಗಾಗಲೇ ಕಟ್ಟಿಟ್ಟವರಿಗೆ ಒಂದೆರಡು ಮಾತು. ಸರಪಳಿಯ ಬದಲು ತಂತಿಬಲೆಯ ಅಂಗಳ ಮಾಡಿಸಿ. ಆಳೆತ್ತರಕ್ಕಿಂತ ಮೇಲಿರಲಿ, ಬುಡಕ್ಕೆ ಕಲ್ಲು ಕೂರಿಸಿ, ಈ ನಾಯಿ ಹಾರುವುದರಲ್ಲೂ ಗೂಡು ತೋಡುವುದರಲ್ಲೂ ನಿಸ್ಸೀಮ. ಒಂದು ಪಾಲಿಗೆ ಹೆಂಚೋ ಶೀಟೋ ಹಾಕಿ ಒಣನೆಲ ಇರಲಿ. ಕತ್ತಲಾದ ಮೇಲೆ ಗಟ್ಟಿ ಬಾಗಿಲಿನ ಒಳಗೇ ಇರಲಿ. ಅಂಗಳ ಇದೆ ಅಂತ ನಡಿಗೆ ತಪ್ಪಿಸುವಂತಿಲ್ಲ. ವರ್ಷಕ್ಕೊಮ್ಮೆ ರೇಬೀಸ್ ಚುಚ್ಚುಮದ್ದಿಗೆ ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ಅದರ ಚೀಟಿ ರೈಟರ್ ಕೈಯಲ್ಲಿರಲಿ, ಬೆಂಗಳೂರಿನ ಬೀರುವಿನಲ್ಲಲ್ಲ.

ಅಧಿಕಾರಿಗಳಿಗೂ ಒಂದು ಮಾತು. ಹೋಂಸ್ಟೇಗಳು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಬೇಕು. ಹಾಸಿಗೆ ಎಷ್ಟು, ಶೌಚಾಲಯ ಎಷ್ಟು ಅಂತ ನೋಡುವವರು, ನಾಯಿ ಎಷ್ಟಿದೆ, ಚುಚ್ಚುಮದ್ದಿನ ಚೀಟಿ ಎಲ್ಲಿ, ಅದು ಮಲಗುವ ಜಾಗ ಯಾವುದು ಅಂತ ಮೂರು ಸಾಲು ಹೆಚ್ಚಿಗೆ ಬರೆದುಕೊಳ್ಳಲಿ. ಹೊಸ ಕಾನೂನು ಬೇಕಾಗಿಲ್ಲ, ಒಂದು ನೋಟ ಸಾಕು. ಗ್ರಾಮ ಪಂಚಾಯಿತಿಯವರು ಲೈನಿನ ಕೋಳಿ, ಕರು ಸತ್ತ ದೂರು ಬಂದರೆ 'ದೊಡ್ಡವರ ಮನೆ ವಿಷಯ' ಅಂತ ಹಿಂದಕ್ಕೆ ಕಳಿಸದೆ ಬರೆದುಕೊಳ್ಳಲಿ.

ಸಾಕಲು ಆಗುವುದೇ ಇಲ್ಲ ಅಂತ ತೀರ್ಮಾನಿಸಿದವರೂ ಇರುತ್ತಾರೆ. ಅವರು ರಾತ್ರೋರಾತ್ರಿ ಜೀಪಿನಲ್ಲಿ ಹಾಕಿಕೊಂಡು ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಇಳಿಸಿ ಬರಬಾರದು. ಹಸಿವಿಗೆ ಬಿಟ್ಟು ಬರುವುದು ಅದೇ 1960ರ ಕಾಯಿದೆಯಲ್ಲಿ ಅಪರಾಧ. ದಂಡದ ಮಾತು ಬಿಡಿ, ಮೊದಲ ರಾತ್ರಿಯೇ ಅದು ಚಿರತೆ ಪಾಲು ಇಲ್ಲವೇ ಲಾರಿ ಪಾಲು. ಊರಿನ ಪಶುವೈದ್ಯರಿಗೆ ತಿಳಿಸಿ, ನಾಯಿ ಬಲ್ಲವರನ್ನು ವಿಚಾರಿಸಿ, ದಿನಾ ನಡೆಯುವ ಕಾಲಿರುವ ಒಂದು ಮನೆ ಹುಡುಕಿ ಕೊಡಿ. ಈ ಕೆಲಸ ಜೂನ್ ಮಳೆ ಹಿಡಿಯುವ ಮುಂಚೆ ಆಗಲಿ. ಮಳೆ ಹಿಡಿದ ಮೇಲೆ ಆ ಹಲಸಿನ ಮರದ ಬುಡದಲ್ಲಿ ಮಲಗಲು ಒಣ ಜಾಗವೂ ಇರುವುದಿಲ್ಲ.